ಡರ್ಹಮ್ ಕೆಥೆಡ್ರಲ್: ಚೂಪು ಕಮಾನಿದ್ದರೂ ನಾರ್ಮನ್ನೇ

ಇಂಗ್ಲೆಂಡಿನ ಡರ್ಹಮ್ ಕೆಥೆಡ್ರಲ್ ಎಂಬ ದೊಡ್ಡ ಚರ್ಚಿನ ಫೋಟೋಗಳನ್ನು ಶೈಲಿಯ ಪ್ರಕಾರ ವಿಂಗಡಿಸುವಾಗ, ಅದರ ಚೂಪು ಕಮಾನಿನ ಚಾವಣಿಯನ್ನು ನೀವು ಗಾಥಿಕ್ ಎಂದು ಬರೆದುಕೊಂಡಿದ್ದೀರಿ. ದುಂಡು ಕಮಾನು ಎಂದರೆ ನಾರ್ಮನ್ (11–12ನೇ ಶತಮಾನದ ಇಂಗ್ಲಿಷ್ ಕಟ್ಟಡ ಶೈಲಿ), ಚೂಪು ಎಂದರೆ ಗಾಥಿಕ್ (ಅದರ ನಂತರ ಬಂದ ಶೈಲಿ) ಎಂಬ ಸೂತ್ರವೇ ನಿಮ್ಮನ್ನು ದಾರಿ ತಪ್ಪಿಸಿರಬೇಕು. ಆ ಕಲ್ಲಿನ ಚಾವಣಿ 1093ರಲ್ಲಿ ಆರಂಭವಾಗಿ 1133ರಲ್ಲಿ ಮುಗಿದ ಕಟ್ಟಡದ್ದು, ಅಪ್ಪಟ ನಾರ್ಮನ್. ಚಾವಣಿಯ ಒಂದೊಂದು ಅಂಕಣದಲ್ಲಿ ಮೂಲೆಯಿಂದ ಮೂಲೆಗೆ ಹಾಯುವ ಕಲ್ಲಿನ ಪಟ್ಟಿಗೆ ದೂರ ಹೆಚ್ಚು, ಹಾಗಾಗಿ ದುಂಡಾಗಿದ್ದರೂ ಎತ್ತರಕ್ಕೇರುತ್ತದೆ. ಗೋಡೆಯಿಂದ ಗೋಡೆಗೆ ಹೋಗುವ ಅಡ್ಡ ಕಮಾನಿಗೆ ಹರವು ಕಡಿಮೆ. ಅದೇ ಎತ್ತರ ಮುಟ್ಟಬೇಕಾದರೆ ಚೂಪಾಗದೆ ಗತಿಯಿಲ್ಲ. ಅಲಂಕಾರಕ್ಕಲ್ಲ, ಲೆಕ್ಕ ಸರಿಹೋಗಲು ಮಾಡಿದ್ದು.

ಫೋಟೋ ವಿಂಗಡಿಸುವಾಗ ಚಾವಣಿಯನ್ನು ಬಿಟ್ಟು ಮೊದಲು ಕಂಬ ನೋಡಿ. ಆನೆಗಾತ್ರದ ದುಂಡು ಕಂಬ, ಮೈಮೇಲೆ ಉಳಿಯಿಂದ ಕೊರೆದ ಅಂಕುಡೊಂಕು ಗೆರೆ ಅಥವಾ ವಜ್ರಾಕೃತಿಯ ಬಲೆ ಕಂಡರೆ ನಾರ್ಮನ್ ಭಾಗ. ಆಮೇಲೆ ಕಿಟಕಿ. ದೊಡ್ಡ ವೃತ್ತಾಕಾರದ ಗುಲಾಬಿ ಕಿಟಕಿ, ಸಣ್ಣ ಕಪ್ಪು ಕಲ್ಲಿನ ಕಂಬಗಳಿದ್ದರೆ ಅದು ಪೂರ್ವ ತುದಿಯ ‘ಒಂಬತ್ತು ಪೀಠಗಳ ಚಾಪೆಲ್’ (ಚಾಪೆಲ್ ಎಂದರೆ ಚರ್ಚಿನೊಳಗಿನ ಚಿಕ್ಕ ಪ್ರಾರ್ಥನಾಲಯ): 13ನೇ ಶತಮಾನದ್ದು, ನಿಜವಾದ ಗಾಥಿಕ್. ನಡುಗೋಪುರ 15ನೇ ಶತಮಾನದ್ದು. ಅದನ್ನು ಬೇರೆಯೇ ಇಡಿ.

ನಿಮ್ಮ ಮೂರನೆಯ ಚಿತ್ರ ಮಬ್ಬಾಗಿದೆ, ಪಶ್ಚಿಮದ ಗೆಲಿಲಿ ಚಾಪೆಲ್ ಇರಬಹುದು. ತೆಳುವಾದ ಕಂಬಗಳ ಮೇಲೆ ಅಂಕುಡೊಂಕು ಅಂಚಿನ ದುಂಡು ಕಮಾನುಗಳು ಸಾಲಾಗಿದ್ದರೆ ಖಚಿತ. ಹಾಗಿದ್ದರೆ 1170ರ ದಶಕ ಎಂದು ಬರೆಯಿರಿ.