ಮಗಳ ಬೆನ್ನಿನ ಆಪರೇಷನ್: ತಲೆಗೆ ಕರೆಂಟ್ ಯಾಕೆ?

ಪ್ರಶ್ನೆ: ಡಾಕ್ಟರ್, ನನ್ನ ಮಗಳಿಗೆ 14 ವರ್ಷ. ಸೊಟ್ಟಗಾದ ಬೆನ್ನುಮೂಳೆಗೆ ರಾಡ್ ಹಾಕುತ್ತಾರಂತೆ. ನರಗಳನ್ನು ಗಮನಿಸಲು ತಲೆಗೆ ಕರೆಂಟ್ ಕೊಡ್ತೀವಿ ಅಂದರು. ಅಪಾಯ ಇಲ್ವಾ?
– ಒಬ್ಬ ತಾಯಿ, ಹಾಸನ

ಉತ್ತರ: ಹೆದರಬೇಡಿ ತಾಯಿ. ಅರಿವಳಿಕೆ ಕೊಡುವವಳಾಗಿ ನಾನು ಇಂಥ ಮಕ್ಕಳ ತಲೆಯ ಹತ್ತಿರವೇ ಇರುತ್ತೇನೆ. ಆ ಕರೆಂಟ್ ಮಗಳ ಕಾವಲಿಗೇ.

ಮೊದಲೆಲ್ಲ ಬೆನ್ನಿನ ನರಗಳಿಗೆ ಪೆಟ್ಟಾಗಿಲ್ಲ ತಾನೇ ಎಂದು ತಿಳಿಯಲು ಆಪರೇಷನ್ ನಡುವೆಯೇ ಸ್ವಲ್ಪ ಎಚ್ಚರ ಮಾಡಿಸಿ, 'ಕಾಲ್ಬೆರಳು ಆಡಿಸು' ಎನ್ನುತ್ತಿದ್ದರು. 1973ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದ ವಿಧಾನ ಅದು. ಅನುಮಾನ ಬಂದರೆ ಈಗಲೂ ಮಾಡುತ್ತೇವೆ. ಆದರೆ ಅದು ಆ ಒಂದು ಗಳಿಗೆಯ ಸುದ್ದಿ ಮಾತ್ರ ಹೇಳುತ್ತದೆ, ಅಲ್ವಾ?

ಈಗ ಪಾದದ ಹರಡಿನ ಬಳಿ ನರಕ್ಕೆ ಸಣ್ಣ ಕರೆಂಟ್ ಕೊಟ್ಟು, ಅದು ಮೆದುಳು ಮುಟ್ಟಿತೇ ಎಂದು ನೋಡುತ್ತೇವೆ. ಇದು ಸ್ಪರ್ಶದ ದಾರಿ. ಚಲನೆಯ ದಾರಿಗೆ ನೆತ್ತಿಯಿಂದ ಕರೆಂಟ್ ಕೊಟ್ಟು, ಕೈಕಾಲಿನ ಸ್ನಾಯುಗಳ ಉತ್ತರ ಪರದೆಯ ಮೇಲೆ ಅಲೆಯಾಗಿ ಮೂಡುವುದನ್ನು ಕಾಯುತ್ತೇವೆ. ಆಗ ದವಡೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನಾಲಿಗೆಗೆ ಗಾಯವಾಗದಂತೆ ಹಲ್ಲುಗಳ ನಡುವೆ ಗಾಜ್ ಬಟ್ಟೆಯ ಸುರುಳಿ ಇಡುತ್ತೇನೆ. ಅದನ್ನು ಎರಡೆರಡು ಸಲ ನೋಡಿಕೊಳ್ಳುತ್ತೇನೆ.

ಕೈಯ ಅಲೆ ಸರಿಯಿದ್ದು ಕಾಲಿನದು ಮಾತ್ರ ಕುಗ್ಗಿದರೆ ಬೆನ್ನಿನ ನರಗಳಿಗೆ ತೊಂದರೆ ಆಗಿರಬಹುದೆಂದು ಎಲ್ಲರೂ ಕೆಲಸ ನಿಲ್ಲಿಸುತ್ತೇವೆ. ವೈರ್ ಕಳಚಿದೆಯಾ ನೋಡುತ್ತೇವೆ, ಬಿ.ಪಿ. ಏರಿಸುತ್ತೇವೆ, ಸರ್ಜನ್ ರಾಡ್ ಸಡಿಲಿಸುತ್ತಾರೆ. ಎಷ್ಟೋ ಸಲ ಅಲೆ ಮರಳುತ್ತದೆ.

ಮಗಳಿಗೆ ಫಿಟ್ಸ್ ಬಂದಿದ್ದರೆ, ಹಲ್ಲು ಅಲುಗಾಡುತ್ತಿದ್ದರೆ ನಿಮ್ಮ ಡಾಕ್ಟರಿಗೆ ಮೊದಲೇ ಹೇಳಿ.