ಹಾರ ತೆಗೆಯಿರಿ, ಮುಖ ಕಾಣಲಿ

ನಮಸ್ಕಾರ.

ಜಪಾನಿನ ಆಳ್ವಿಕೆಯ ವಿರುದ್ಧ ಹೋರಾಡಿದ ಕೊರಿಯಾದ ನಾಯಕ ಕಿಮ್ ಗು ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲಾರೆ. ಹಾಗಂತ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಪುಟದಲ್ಲೇ ‘ಧೀರ’, ‘ಮಹಾನ್ ಚೇತನ’, ‘ಕೆಚ್ಚೆದೆಯ ಕಲಿ’ ಎಲ್ಲ ಮುಗಿದುಹೋಗಿವೆ. ಸನ್ಮಾನಪತ್ರ ಓದಿದ ಹಾಗಾಯಿತು. 1919ರಲ್ಲಿ ಶಾಂಘೈಗೆ ಬಂದ ಈ ಮನುಷ್ಯ ದೇಶ ಬಿಟ್ಟ ಕೊರಿಯನ್ನರು ಅಲ್ಲಿ ಕಟ್ಟಿದ್ದ ತಾತ್ಕಾಲಿಕ ಸರ್ಕಾರದಲ್ಲಿ ಕೇಳಿಕೊಂಡದ್ದು ಬಾಗಿಲು ಕಾಯುವ ಕೆಲಸ. ಸಿಕ್ಕಿದ್ದು ಪೊಲೀಸ್ ಮುಖ್ಯಸ್ಥನ ಹುದ್ದೆ. ಇದಕ್ಕೆ ನೀವು ಕೊಟ್ಟದ್ದು ಅರ್ಧ ಸಾಲು!

ನೆಲವೇ ಇಲ್ಲದ ಸರ್ಕಾರವನ್ನು ನಡೆಸುವುದು ಅಂದರೆ ಏನು? ಕಚೇರಿಯ ಬಾಡಿಗೆ ಕಟ್ಟಲಾಗದೆ ಮನೆಮಾಲೀಕ ಕೋರ್ಟಿಗೆ ಎಳೆಯುವುದು. ತರಕಾರಿಯವರು ಬಿಸಾಡಿದ ಕೋಸಿನ ಎಲೆಗಳನ್ನು ವಯಸ್ಸಾದ ತಾಯಿ ಆಯ್ದು ತರುವುದು. 1924ರಲ್ಲಿ ಹೆಂಡತಿ ಅದೇ ಪರದೇಶದಲ್ಲಿ ತೀರಿಕೊಳ್ಳುವುದು. ನಿಮ್ಮ ಲೇಖನ ಇರುವುದು ಇಲ್ಲಿ. ನೀವೋ ಇದನ್ನೆಲ್ಲ ‘ಅಪಾರ ಕಷ್ಟನಷ್ಟ’ ಎಂಬ ಎರಡು ಪದದಲ್ಲಿ ಕಟ್ಟಿಟ್ಟಿದ್ದೀರಿ.

ಗಡಿಯಾರದ ಪ್ರಸಂಗಕ್ಕೆ ಬರೋಣ. 1932ರ ಏಪ್ರಿಲ್ 29ರ ಬೆಳಗ್ಗೆ, ಶಾಂಘೈನ ಹೊಂಗ್ಕೌ ಪಾರ್ಕಿನಲ್ಲಿ ಸೇರಲಿದ್ದ ಜಪಾನಿ ಸೇನಾಧಿಕಾರಿಗಳ ಮೇಲೆ ಎಸೆಯಲು ಬಾಂಬ್ ಹೊತ್ತು ಹೊರಟ ಕೊರಿಯನ್ ಯುವಕ ಯುನ್ ಬೊಂಗ್‌ಗಿಲ್ ತನ್ನ 6 ವಾನ್‌ನ ಹೊಸ ಗಡಿಯಾರವನ್ನು ಕಿಮ್ ಗುಗೆ ಕೊಟ್ಟು, ಅವರ 2 ವಾನ್‌ನ ಹಳೆಯದನ್ನು ತೆಗೆದುಕೊಂಡ. ತನಗೆ ಅದು ಬೇಕಿರುವುದು ಇನ್ನೊಂದೇ ಗಂಟೆ ಎಂದ. ಅಷ್ಟೇ ಸಾಕು. ಅವನ ಬಾಯಿಗೆ ನೀವು ತುರುಕಿರುವ ಭಾಷಣ ಪೂರ್ತಿ ಹೋಗಲಿ. ಅದು ನಿಮ್ಮ ಕಲ್ಪನೆ ಎಂದು ಓದುಗರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ.

ಮುಜುಗರ ತರುವುದನ್ನೆಲ್ಲ ಸದ್ದಿಲ್ಲದೆ ಬಿಟ್ಟಿದ್ದೀರಿ. 1896ರಲ್ಲಿ ಕೊರಿಯಾದ ಚಿಹಾಪೊದಲ್ಲಿ ಅವರು ಒಬ್ಬ ಜಪಾನಿಯನ್ನು ಕೊಂದರು. ಜಪಾನಿಯರ ಕೈಯಲ್ಲಾದ ಕೊರಿಯಾದ ರಾಣಿಯ ಹತ್ಯೆಗೆ ಇದು ಸೇಡು ಎಂದು ಅವರ ನಂಬಿಕೆ. ಜಪಾನಿನ ದಾಖಲೆಗಳಲ್ಲಿ ಸತ್ತವನು ಬರೀ ವ್ಯಾಪಾರಿ. ಬಾಂಬಿನ ನಂತರ ಚೀನಾದ ಜಿಯಾಶಿಂಗ್‌ನಲ್ಲಿ ತಲೆಮರೆಸಿಕೊಂಡು, ದೋಣಿ ನಡೆಸುವ ಹೆಂಗಸೊಬ್ಬಳ ಜೊತೆ ಗಂಡ-ಹೆಂಡಿರಂತೆ ಇದ್ದರು. ಎರಡೂ ಬರಲಿ. ತೀರ್ಪು ಓದುಗರಿಗೆ ಬಿಡಿ.

ನೇತಾಜಿಯ ಹೋಲಿಕೆಯಲ್ಲಂತೂ ನೀವು ಎಡವಿದ್ದೀರಿ. ಪರದೇಶದಲ್ಲಿ ಸರ್ಕಾರ, ಸೇನೆ ಕಟ್ಟಿದರು ಎಂಬಲ್ಲಿಗೆ ಸಾಮ್ಯ ಮುಗಿಯಿತು. ನೇತಾಜಿಯವರಿಗೆ ಜಪಾನ್ ಮಿತ್ರ, ಕಿಮ್ ಗುಗೆ ಅದೇ ಹಗೆ. 1940ರಲ್ಲಿ ಚೀನಾದ ಚೊಂಗ್‌ಕಿಂಗ್‌ನಲ್ಲಿ ಹುಟ್ಟಿದ ಕೊರಿಯನ್ ಸೇನೆಯ ಬೆರಳೆಣಿಕೆಯ ಯೋಧರು 1943ರಲ್ಲಿ ಭಾರತಕ್ಕೇ ಬಂದು ಇಂಫಾಲ್ ಕಡೆ ಬ್ರಿಟಿಷರ ಜೊತೆ ದುಡಿದರು. ಅಂದರೆ ಆಜಾದ್ ಹಿಂದ್ ಫೌಜ್‌ನ ಎದುರು ಪಾಳೆಯದಲ್ಲಿ. ಹೋಲಿಸುವುದಾದರೆ ಈ ತೊಡಕನ್ನು ಬರೆಯಿರಿ. ಕನ್ನಡದ ಓದುಗರು ಇಲ್ಲಿ ಖಂಡಿತ ನಿಲ್ಲುತ್ತಾರೆ.

ಕೊನೆಯ ಪುಟ, ಅಂದರೆ 1949ರ ಹತ್ಯೆ ಮತ್ತು ಆಮೇಲಿನ ‘ಅಮರರಾದರು’, ಪೂರ್ತಿ ತೆಗೆದುಬಿಡಿ. ಲೇಖನವನ್ನು 1945ರ ಆಗಸ್ಟ್‌ಗೇ ನಿಲ್ಲಿಸಿ: ಜಪಾನ್ ಶರಣಾಯಿತೆಂಬ ಸುದ್ದಿ ಚೀನಾದ ಶಿಆನ್‌ನಲ್ಲಿ ತಲುಪಿದಾಗ ಅವರಿಗೆ ಸಂತೋಷವಾಗಲಿಲ್ಲ, ಆಕಾಶ ಕಳಚಿ ಬಿದ್ದಂತಾಯಿತು. ಜಪಾನ್ ವಿರುದ್ಧ ಕಾದಾಡಲೆಂದು ಅಮೆರಿಕನ್ನರಿಂದ ತರಬೇತಿ ಪಡೆದ ಅವರ ಹುಡುಗರು ಇನ್ನೂ ತಾಯ್ನೆಲಕ್ಕೆ ಕಾಲಿಟ್ಟಿರಲಿಲ್ಲ.

ತಿದ್ದಿದ್ದನ್ನು ತಿಂಗಳೊಳಗೆ ಕಳಿಸಿ. ಈ ಸಲ ವಿಶೇಷಣ ಕಡಿಮೆ ಇರಲಿ, ಬಾಡಿಗೆಯ ಲೆಕ್ಕ ಜಾಸ್ತಿ ಇರಲಿ.