ಹಳೆ ವಿದ್ಯಾರ್ಥಿಗಳ ಸನ್ಮಾನ: ಸಾಧನೆಗೆ ಎಷ್ಟು ಅಂಕ, ಸೇವೆಗೆ ಎಷ್ಟು?

ಹಳೆ ವಿದ್ಯಾರ್ಥಿಗಳ ಸನ್ಮಾನದ ಆಯ್ಕೆ ಸಮಿತಿಗೆ ನಿಮ್ಮನ್ನು ಹಾಕಿದ್ದಾರೆ, ನೂರರಲ್ಲಿ ವೃತ್ತಿ ಸಾಧನೆಗೆ ಎಷ್ಟು, ಸಮಾಜ ಸೇವೆಗೆ ಎಷ್ಟು ಅಂಕ ಇಡಬೇಕು ಅಂತ ಕೇಳಿದ್ದೀರಿ. ಏಳು ವರ್ಷದ ಹಿಂದೆ ದಾವಣಗೆರೆಯಲ್ಲಿ ನಮ್ಮ ಕಾಲೇಜಿನ ಸಂಘದಲ್ಲಿ ಇದೇ ಕೆಲಸ ನನ್ನ ಹೆಗಲಿಗೆ ಬಿದ್ದಿತ್ತು. ಸಾಧನೆಗೆ 60, ಸೇವೆಗೆ 40 ಅಂತ ಇಟ್ಟಿದ್ದೆವು. ಅದರಿಂದ ಒಬ್ಬ ಗೆಳೆಯನನ್ನು ಕಳೆದುಕೊಂಡೆ.

ಅವನು ನನ್ನ ಬ್ಯಾಚು, ಮೆಕ್ಯಾನಿಕಲ್. ಹರಿಹರ ರಸ್ತೆ ಕಡೆ ಲೇತ್ (ಲೋಹ ಕಡೆಯುವ ಮಷಿನ್) ಅಂಗಡಿ ಇಟ್ಟುಕೊಂಡಿದ್ದಾನೆ. ಒಂದೇ ಮಷಿನ್‌ನಿಂದ ಶುರು ಮಾಡಿ ಹದಿನೆಂಟು ಜನಕ್ಕೆ ಕೆಲಸ ಕೊಟ್ಟವನು. ಆದರೆ ಊರಿಗೆ ಅವನ ಗುರುತು ಇರುವುದು ರಕ್ತದ ವಿಷಯಕ್ಕೆ. ಚಿಗಟೇರಿ ಆಸ್ಪತ್ರೆಯಾಗಲಿ, ಬಾಪೂಜಿ ಆಸ್ಪತ್ರೆಯಾಗಲಿ, ಸರಿರಾತ್ರಿ ರಕ್ತ ಸಿಗದೆ ಪರದಾಡುವವರಿಗೆ ಯಾರೋ ಒಬ್ಬರು ಅವನ ನಂಬರ್ ಕೊಟ್ಟಿರುತ್ತಾರೆ. ಅಂಗಡಿ ಟೇಬಲ್ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕ, ಪುಟದ ಅಂಚಿಗೆಲ್ಲ ಎಣ್ಣೆ ಕೈಯಿನ ಗುರುತು. ಒಂದೊಂದು ರಕ್ತದ ಗುಂಪಿಗೆ ಬೇರೆ ಬೇರೆ ಹಾಳೆ. ರಕ್ತ ಕೊಡುವವರ ಹೆಸರು, ಫೋನು, ಕೊನೆಗೆ ಕೊಟ್ಟ ತಾರೀಖು. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಮತ್ತೆ ಯಾವಾಗ ಕೊಡಬಹುದು ಅನ್ನುವ ತಾರೀಖು: ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದ ಮೇಲೆ. ಥಲಸ್ಸೀಮಿಯಾ (ಅಪ್ಪ-ಅಮ್ಮನಿಂದ ಬರುವ ರಕ್ತದ ಕಾಯಿಲೆ) ತೀವ್ರವಾಗಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ರಕ್ತ ಹೆಪ್ಪುಗಟ್ಟಿಸುವ ಕಣ, ಪ್ಲೇಟ್‌ಲೆಟ್ ಅಂತೂ ಸುಮಾರು 5 ದಿನ ಮಾತ್ರ ಇಡಬಹುದು. ಹಾಗಾಗಿ ವರ್ಷಕ್ಕೊಂದು ಶಿಬಿರ ಮಾಡಿ ಕೈ ತೊಳೆದುಕೊಂಡರೆ ಸಾಲದು, ವರ್ಷವಿಡೀ ಜನರನ್ನು ಸರದಿ ಪ್ರಕಾರ ಕರೆಯುತ್ತಲೇ ಇರಬೇಕು. ಆ ಪುಸ್ತಕ ಇರುವುದು ಅದಕ್ಕೇ.

ಅವನ ಹೆಸರು ಸೂಚಿಸಿದ್ದು ನಾನೇ. ತಪ್ಪಿದ್ದು ಆಮೇಲೆ. ಅವನ ಅಂಗಡಿ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ವಾಟ್ಸಾಪ್‌ನಲ್ಲಿ ಒಂದು ಫಾರಂ ಕಳಿಸಿದೆ. ಹುದ್ದೆ, ವಾರ್ಷಿಕ ವಹಿವಾಟು, ಸೇವೆಯ ವಿವರ, ಫಲಾನುಭವಿಗಳ ಹೆಸರು ಮತ್ತು ಫೋಟೋ, ಪೇಪರ್ ಕಟಿಂಗ್, ಶುಕ್ರವಾರ ಸಂಜೆ 5ರೊಳಗೆ. ಯಾಕೆ ಹಾಗೆ ಕೇಳಿದೆ ಅಂದರೆ, ಆ ವರ್ಷ ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡಿ ದರ್ಜೆ ಕೊಡುವ ಸಂಸ್ಥೆ) ತಯಾರಿ ನಡೆದಿತ್ತು. ಅದರ ಐದನೇ ಮಾನದಂಡದಲ್ಲಿ 5.4 ಅಂತ ಹಳೆ ವಿದ್ಯಾರ್ಥಿಗಳ ಭಾಗ ಬರುತ್ತಿತ್ತು, ಅದಕ್ಕೆ ದಾಖಲೆ ಬೇಕಿತ್ತು. ಸನ್ಮಾನದ ಫಾರಂನಲ್ಲೇ ಫೈಲಿನ ಕೆಲಸವೂ ಮುಗಿಯಲಿ ಅಂತ ಎರಡನ್ನೂ ಒಂದು ಮಾಡಿದೆ. ಬೆಂಗಳೂರಿನ ಮ್ಯಾನೇಜರುಗಳು, ಅಧಿಕಾರಿಗಳು ಒಂದೇ ದಿನದಲ್ಲಿ ತುಂಬಿ ಕಳಿಸಿದರು. ಅವರ ಹತ್ತಿರ ಬಯೋಡೇಟಾ ಯಾವಾಗಲೂ ತಯಾರಿರುತ್ತದೆ. ಅದು ಅವರ ತಪ್ಪಲ್ಲ.

ಇವನು ಫೋನ್ ಮಾಡಿದ. "ರಕ್ತ ತಗೊಂಡ ಮಗೂ ಹೆಸರು ನಿಮ್ಮ ಫೈಲಿಗೆ ಬೇಕೇನಪ್ಪಾ? ಆ ತಾಯಿ ಇನ್ನೊಂದು ಮಗಳ ಮದುವಿ ಮಾಡಬೇಕು."

ಅಲ್ಲಿಗಾದರೂ ನಾನು ನಿಲ್ಲಿಸಬೇಕಿತ್ತು. "ಹೆಸರು ಬೇಡ ಬಿಡು, ಒಂದೆರಡು ಫೋಟೋ ಆದರೂ ಕಳ್ಸು, ಮಾಡಿದ್ದಕ್ಕೆ ಪ್ರೂಫ್ ಬೇಕಲ್ಲ" ಅಂದೆ. ಇಪ್ಪತ್ತು ವರ್ಷ ಅವನ ಕೆಲಸ ಕಣ್ಣಾರೆ ಕಂಡವನು ನಾನು, ಅವನಿಗೇ ಪ್ರೂಫ್ ಕೇಳಿದೆ. ಫೋನ್ ಇಟ್ಟುಬಿಟ್ಟ. ದಾಖಲೆ ಇಲ್ಲ ಅಂತ ಸೇವೆಯ 40ರಲ್ಲಿ ಅವನಿಗೆ ಬಿದ್ದದ್ದು 6. ಆ ಅಂಕ ಬರೆದದ್ದೂ ನಾನೇ. ಶನಿವಾರ ಶನಿವಾರ ಕಾಲೇಜಿಗೆ ಬಂದು ಮೂರನೇ ವರ್ಷದ ಹುಡುಗರಿಗೆ ಲೇತ್ ಹೇಳಿಕೊಡುತ್ತಿದ್ದ, ಅದನ್ನೂ ನಿಲ್ಲಿಸಿದ. ಹುಡುಗರಿಗೆ ಆದ ಆ ನಷ್ಟ ಇವತ್ತಿಗೂ ತುಂಬಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ 50–50, 70–30 ಅಂತ ಉತ್ತರ ಕೊಡಲಾರೆ. ಅಂಕವೇ ಬೇಡ. ಸಾಧನೆಗೊಂದು, ಸೇವೆಗೊಂದು ಬೇರೆ ಬೇರೆ ಸನ್ಮಾನ ಇಡಿ. ಕಷ್ಟಪಟ್ಟು ಮೇಲೆ ಬಂದ ಇಂಜಿನಿಯರ್‌ಗೆ ಅವನ ಕೆಲಸಕ್ಕಾಗಿಯೇ ಶಾಲು ಹೊದಿಸಿ, ಸೇವೆಯ ಕಾಲಂ ತುಂಬಲಿಕ್ಕೆ ಅವನೊಂದು ದಿನದ ಶಿಬಿರ ಮಾಡುವ ಹಾಗೆ ಮಾಡಬೇಡಿ. ಸೇವೆಗೆ ಅರ್ಜಿ ಕರೆಯಲೇಬೇಡಿ. ಇಬ್ಬರು ಎದ್ದು ಹೋಗಿ ವಾರ್ಡಿನ ಸಿಸ್ಟರ್‌ಗಳನ್ನು, ಬ್ಲಡ್ ಬ್ಯಾಂಕಿನವರನ್ನು, ಹಳ್ಳಿ ಶಾಲೆಯ ಮೇಷ್ಟ್ರುಗಳನ್ನು ಕೇಳಿ. ಅವರೇ ಹೆಸರು ಹೇಳುತ್ತಾರೆ. ಆಮೇಲೆ ಅವರ ಮನೆಗೆ ಹೋಗಿ, ನಮಗೆ ಆಸೆ ಇದೆ, ನೀವು ಒಪ್ಪುತ್ತೀರಾ ಅಂತ ಕೇಳಿ. ಬೇಡ ಅಂದರೆ ಒತ್ತಾಯ ಮಾಡದೆ ಬನ್ನಿ. ಕಟ್ಟಡಕ್ಕೆ ದುಡ್ಡು ಕೊಟ್ಟವರಿಗೆ ಬೇರೆ ದಿನ ಕೃತಜ್ಞತೆ ಹೇಳಿ, ಅದೇ ವೇದಿಕೆಗೆ ತರಬೇಡಿ. ನ್ಯಾಕ್ ಫೈಲಿಗೆ ಸಮಾರಂಭದ ಫೋಟೋ ಇಡಿ.

ಆರು ತಿಂಗಳು ಬಿಟ್ಟು ಅವನ ಅಂಗಡಿಗೆ ಹೋಗಿ ತಪ್ಪಾಯಿತು ಅಂದೆ. ಚಾ ತರಿಸಿದ, ಮಾತಾಡಿದ, ಕಾಲೇಜಿನ ಸುದ್ದಿ ಎತ್ತಿದ್ದಕ್ಕೆ ಎದ್ದು ಮಷಿನ್ ಕಡೆ ಹೋದ. ಹೋದ ವರ್ಷ ನಮ್ಮವ್ವನ ಆಪರೇಷನ್‌ಗೆ ಎರಡು ಯೂನಿಟ್ ಬೇಕಾದಾಗ ನಾನು ಫೋನ್ ಮಾಡಿದ್ದು ಅವನಿಗೇ. ಅರ್ಧ ಗಂಟೆಯಲ್ಲಿ ಇಬ್ಬರು ಹುಡುಗರು ಬಂದು ರಕ್ತ ಕೊಟ್ಟು ಹೋದರು. ಅವನು ಬರಲಿಲ್ಲ.